ಶೈಲೇಶನನ್ನು ಕೊಟ್ಟು ಪಡೆದ ಸರದಿ

ದಮಯಂತಿಯ ಎತ್ತರ ಐದು ಅಡಿ ಹತ್ತು ಅಂಗುಲ. ಕಾಪುವಿನಲ್ಲಿ ಅವಳ ಮನೆಯವರು ಇದನ್ನು ಒಂದು ಕಾಯಿಲೆಯಂತೆ ಕಂಡ ಕಾಲವಿತ್ತು. ಹೆಣ್ಣು ನೋಡಲು ಬಂದವರ ಮುಂದೆ ಕುಳಿತೇ ಇರಬೇಕೆಂದು ಅಜ್ಜಿ ತಾಕೀತು ಮಾಡುತ್ತಿದ್ದಳು. ಕುಳಿತವರು ಯಾವಾಗಲಾದರೂ ಏಳಲೇಬೇಕಲ್ಲ. ಎದ್ದಳು, ಮೂರು ಸಂಬಂಧಗಳು ಕೈಬಿಟ್ಟವು. ನಾಲ್ಕನೆಯವನು ಅವಳ ಕಿವಿಯ ಮಟ್ಟಕ್ಕೆ ಬರುತ್ತಿದ್ದ. ಮೇಲಿನ ಕಪಾಟಿನಿಂದ ಡಬ್ಬ ತೆಗೆಯಲು ಮನೆಯಲ್ಲಿ ಒಬ್ಬರು ಬೇಕಾಗಿತ್ತು ಎಂದು ಹೇಳಿ ಅವನು ಒಪ್ಪಿಕೊಂಡ. ಮಸ್ಕತ್ತಿನ ಒಂದು ಹಡಗು ಕಚೇರಿಯಲ್ಲಿ ಅವನಿಗೆ ಕೆಲಸ. ಹೀಗೆ ದಮಯಂತಿ ಇಪ್ಪತ್ತಾರರ ವಯಸ್ಸಿನಲ್ಲಿ ಅಲ್ಲಿನ ರೂವಿ ಬಡಾವಣೆಗೆ ಬಂದಳು. ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡದ ಅಂಗಿ ಇತ್ತು.

ಆ ಅಂಗಿ ಎಂಟು ವರ್ಷ ಹಾಗೆಯೇ ಇತ್ತು. ಈ ನಡುವೆ ಎರಡು ಮಕ್ಕಳಾದವು, ಒಂದು ಕಟ್ಟಡ ಗುತ್ತಿಗೆ ಕಂಪನಿಯಲ್ಲಿ ನಕ್ಷೆಗಳಿಗೆ ಮೊಹರು ಹಾಕಿ ಜೋಡಿಸಿಡುವ ಕೆಲಸ ಸಿಕ್ಕಿತು. ಮಗಳ ಶಾಲೆಯ ಅಂಗಳದಲ್ಲಿ ಶುಕ್ರವಾರ ಬೆಳಿಗ್ಗೆ ಖಾಲಿ ಬಿದ್ದಿರುತ್ತಿದ್ದ ಕೋರ್ಟನ್ನು ನೋಡಿ ನೋಡಿ ಸಾಕಾಗಿ, ಒಂದು ದಿನ ಪ್ರಾಂಶುಪಾಲರ ಕೋಣೆಗೆ ಹೋಗಿ ಕೇಳಿಯೇಬಿಟ್ಟಳು. ಮೊದಲ ವರ್ಷ ಆಡಲು ಬಂದವರು ಐದು ಜನ. ಅವರಲ್ಲಿ ಇಬ್ಬರಿಗೆ ಚೆಂಡು ಬಡಿಯುವುದನ್ನೇ ಕಲಿಸಬೇಕಾಯಿತು. ಈಗ ಬಡಾವಣೆಗೊಂದರಂತೆ ಆರು ತಂಡಗಳಿವೆ. ಕನ್ನಡ ನಾಡಿನಿಂದ ಬಂದ ಮನೆಗಳವರೇ ಎಲ್ಲದರಲ್ಲೂ. ನವೆಂಬರಿನಿಂದ ಏಪ್ರಿಲ್ ತನಕ ಶುಕ್ರವಾರ ಬೆಳಿಗ್ಗೆ ಆರೂವರೆಗೆ ಪಂದ್ಯ. ಗಂಡಸರು, ಹೆಂಗಸರು, ಹದಿನೈದು ದಾಟಿದ ಮಕ್ಕಳು ಒಟ್ಟಿಗೇ ಆಡುತ್ತಾರೆ. ಪಂದ್ಯ ಮುಗಿದ ಮೇಲೆ ಪೊರೋಟದೊಳಗೆ ಚಿಪ್ಸ್ ಪುಡಿ ಮಾಡಿ ಸುತ್ತಿದ್ದು, ಜೊತೆಗೆ ಏಲಕ್ಕಿ ಹಾಕಿದ ಕಡಕ್ ಚಹಾ. ಸೋತವರು ಚಹಾ ಕೊಡಿಸಬೇಕು. ದಮಯಂತಿ ಸಾಕಷ್ಟು ಚಹಾ ಕೊಡಿಸಿದ್ದಾಳೆ.

ಆಟಗಾರರನ್ನು ಹಂಚಿಕೊಳ್ಳುವುದಕ್ಕೆ ಒಂದು ನಿಯಮವಿದೆ, ಅದಕ್ಕೆ ಕಾರಣವೂ ಇದೆ. ಮೊದಲೆಲ್ಲ ಹೊಸಬರನ್ನು ಯಾರು ಬೇಕಾದರೂ ಸೇರಿಸಿಕೊಳ್ಳಬಹುದಾಗಿತ್ತು. ಒಮ್ಮೆ ಮೂಡಬಿದಿರೆಯಿಂದ ಒಬ್ಬ ಎತ್ತರದ ಹುಡುಗ ಕೆಲಸಕ್ಕೆ ಬರುತ್ತಾನೆಂದು ಸುದ್ದಿಯಾಗಿ, ಎರಡು ತಂಡದವರು ಅವನ ಹೆಸರು ಬರೆದ ಫಲಕ ಹಿಡಿದು ವಿಮಾನ ನಿಲ್ದಾಣದಲ್ಲಿ ನಿಂತಿದ್ದರು. ಹುಡುಗ ಇವರಲ್ಲಿ ತನ್ನ ಕಂಪನಿಯವರು ಯಾರೆಂದು ತಿಳಿಯದೆ ತಪ್ಪು ಕಾರು ಹತ್ತಿ ಸೀಬ್‌ನಲ್ಲಿ ಯಾರದೋ ಮನೆಯಲ್ಲಿ ಊಟ ಮಾಡುತ್ತ ಕುಳಿತ. ಅವನ ಕಫೀಲ್, ಎಂದರೆ ವೀಸಾ ಕೊಟ್ಟು ಕರೆಸಿಕೊಂಡ ಮಾಲೀಕ, ಪೊಲೀಸರಿಗೆ ಫೋನ್ ಮಾಡುವುದೊಂದು ಬಾಕಿ. ಆ ಗಲಾಟೆಯ ನಂತರ ಕೊಗ್ಗಣ್ಣ ಒಂದು ಪುಸ್ತಕ ತಂದು ನಿಯಮ ಬರೆದರು. ರೂವಿಯ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ, ಅರವತ್ತಾರು ವರ್ಷದ, ಯಾವ ತಂಡಕ್ಕೂ ಸೇರದ ಮನುಷ್ಯ. ಅವರ ಮಾತನ್ನು ಎಲ್ಲರೂ ಕೇಳುತ್ತಾರೆ. ಮಕ್ಕಳ ಯೂನಿಫಾರ್ಮ್ ಸಮಯಕ್ಕೆ ಸಿಗಬೇಕಲ್ಲ.

ನಿಯಮ ಇಷ್ಟೆ. ಬೇಸಿಗೆ ರಜೆ ಮುಗಿದು ಎಲ್ಲರೂ ಊರಿನಿಂದ ಮರಳಿದ ಮೇಲೆ, ಅಕ್ಟೋಬರಿನ ಮೊದಲ ಶುಕ್ರವಾರ ಆಯ್ಕೆಯ ದಿನ. ಆ ವರ್ಷ ಹೊಸದಾಗಿ ಬಂದವರ ಹೆಸರುಗಳ ಒಂದು ಪಟ್ಟಿ. ಹಿಂದಿನ ಸಾಲಿನಲ್ಲಿ ಕೊನೆಗೆ ಬಂದ ತಂಡ ಮೊದಲು ಆರಿಸುತ್ತದೆ, ಕಪ್ ಗೆದ್ದವರು ಕೊನೆಗೆ. ಒಂದು ತಂಡಕ್ಕೆ ಒಂದು ಸರದಿ. ಆ ದಿನ ಎಂಟು ಹೆಸರು ತೋರಿಸಲಾಗದ ತಂಡವನ್ನು ಮುಚ್ಚಿ ಅದರ ಆಟಗಾರರನ್ನು ಉಳಿದವರಿಗೆ ಹಂಚಬೇಕು. ಬೇಕಾದರೆ ಡಿಸೆಂಬರ್ ಕೊನೆಯ ತನಕ ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದು, ಮುಂದಿನ ಸರದಿಯನ್ನೂ ಕೊಡಬಹುದು; ಆಟಗಾರನ ಸಹಿ ಬೇಕು.

ಒಮಾನಿನಲ್ಲಿ ಯಾರು ಯಾವಾಗ ಹೊರಡುತ್ತಾರೆಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಿರುತ್ತದೆ. ಕಳೆದ ವರ್ಷ ನವೆಂಬರಿನಲ್ಲಿ ದಮಯಂತಿ ತನ್ನ ರೂವಿ ತಂಡದ ಹತ್ತು ಜನರನ್ನು ಒಬ್ಬೊಬ್ಬರಾಗಿ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿದಳು. ಒಬ್ಬರು ಕೆನಡಾದ ಕಾಗದಕ್ಕೆ ಕಾಯುತ್ತಿದ್ದರು. ಒಬ್ಬರ ನಿವೃತ್ತಿ ಮೇ ತಿಂಗಳಲ್ಲಿ. ಒಬ್ಬಳ ಮೊಣಕಾಲು ಏಪ್ರಿಲ್ ದಾಟುವಂತಿರಲಿಲ್ಲ. ನಾಲ್ಕನೆಯವನು ಶೈಲೇಶ. ಫ್ರಿಜ್ಜಿನ ಬಿಡಿಭಾಗಗಳ ಅಂಗಡಿಯಲ್ಲಿ ಮಾರಾಟದ ಕೆಲಸ ಮಾಡುವ ಅವನನ್ನು ಜೂನಿನಲ್ಲಿ ಸಲಾಲದ ಹೊಸ ಶಾಖೆಗೆ ಕಳಿಸುತ್ತೇವೆಂದು ಮಾಲೀಕರು ಹೇಳಿಯಾಗಿತ್ತು. ಸಲಾಲ ಸಾವಿರ ಕಿಲೋಮೀಟರ್ ದೂರ. ಶುಕ್ರವಾರ ಬೆಳಿಗ್ಗೆ ಬಂದು ಆಡಿಹೋಗುವ ದಾರಿಯಲ್ಲ. ಉಳಿಯುವವರು ಆರು. ಅಕ್ಟೋಬರಿನ ತನ್ನ ಸರದಿಯಲ್ಲಿ ಒಬ್ಬರು ಬಂದರೆ ಏಳು. ಎಂಟನೆಯ ಹೆಸರು ಎಲ್ಲಿಂದ ತರುವುದು? ಹತ್ತೊಂಬತ್ತು ವರ್ಷ ನಡೆಸಿದ ತಂಡ ಒಂದು ಹೆಸರಿನ ಕೊರತೆಗೆ ಮುಚ್ಚಿಹೋಗುವುದನ್ನು ಅವಳು ಒಪ್ಪಲು ಸಿದ್ಧಳಿರಲಿಲ್ಲ.

ಶೈಲೇಶ ಆರು ತಂಡಗಳಲ್ಲೇ ಒಳ್ಳೆಯ ಆಟಗಾರ. ದೂರದಿಂದ ಎಸೆದರೆ ಚೆಂಡು ಬಲೆಯ ದಾರಕ್ಕಷ್ಟೇ ತಾಗಿ ಇಳಿಯುತ್ತಿತ್ತು. ಜೂನಿಗೆ ಹೇಗಿದ್ದರೂ ಹೋಗುವವನು. ಸುಮ್ಮನೆ ಹೋದರೆ ಬರಿಗೈ. ಈಗಲೇ ಯಾರಿಗಾದರೂ ಕೊಟ್ಟರೆ ಅವರ ಮುಂದಿನ ವರ್ಷದ ಸರದಿ ಕೈಗೆ ಬರುತ್ತದೆ. ಕೊಳ್ಳುವ ಗರಜು ಯಾರಿಗಿದೆ ಎಂಬುದೂ ಅವಳಿಗೆ ಗೊತ್ತಿತ್ತು.

ಮದೀನತ್ ಸುಲ್ತಾನ್ ಖಾಬೂಸ್ ತಂಡದ ಶಿವಪ್ರಕಾಶ ಗುಳೇದಗುಡ್ಡದ ಕಡೆಯವನು. ಸಮುದ್ರದ ನೀರನ್ನು ಸಿಹಿನೀರು ಮಾಡುವ ಸ್ಥಾವರದಲ್ಲಿ ಎಂಜಿನಿಯರ್. ಅವನ ತಂಡದಲ್ಲಿ ಹದಿಮೂರು ಜನ. ಎರಡು ಬಾರಿ ಕಪ್ ಕೈಗೆ ಬಂದಂತೆ ಆಗಿ ತಪ್ಪಿತ್ತು. ಅವನ ಮಗಳು ಉಮಾಶ್ರೀ ಹನ್ನೆರಡನೆಯ ತರಗತಿ, ಅದೇ ತಂಡದಲ್ಲಿ ಆಡುತ್ತಿದ್ದಳು. ಇಲ್ಲಿ ಹನ್ನೆರಡನೆಯ ತರಗತಿ ಮುಗಿಸಿದ ಮಕ್ಕಳು ಕಾಲೇಜಿಗೆ ಊರಿಗೆ ಹೋಗುತ್ತಾರೆ. ಅದರಲ್ಲಿ ಚರ್ಚೆಯಿಲ್ಲ, ಬೇಸಿಗೆ ಬಂದ ಹಾಗೆ. ಮಗಳು ಹೋಗುವ ಮೊದಲು ಕಪ್ ಗೆಲ್ಲಬೇಕೆಂಬುದು ಶಿವಪ್ರಕಾಶನ ಹಟ.

ಮಾತುಕತೆ ಕೊಗ್ಗಣ್ಣನ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮುಂದೆ ನಡೆಯಿತು. ಕೊಗ್ಗಣ್ಣ ಒಮಾನಿ ಗಂಡಸರು ತೊಡುವ ಉದ್ದ ನಿಲುವಂಗಿ, ದಿಶ್‌ದಾಶದ ತೋಳಿಗೆ ಗುರುತು ಹಾಕುತ್ತಿದ್ದರು. ಎಲ್ಲ ಕೇಳಿಸಿಕೊಳ್ಳುತ್ತಿದ್ದರು, ತಲೆ ಎತ್ತುತ್ತಿರಲಿಲ್ಲ.

"ಅಕ್ಕಾರ, ಶೈಲೇಶನ್ನ ನೀವಾಗೇ ಕೊಡ್ತೀನಿ ಅಂದ್ರ ನನಗ ಅನುಮಾನ ಬರ್ತೈತಿ ನೋಡ್ರಿ," ಎಂದ ಶಿವಪ್ರಕಾಶ. "ಮೊಣಕಾಲು ಗಟ್ಟಿ ಅದಾವಿಲ್ಲೋ ಅವನವು?"

"ಮೊಣಕಾಲು, ಕಣ್ಣು, ಹಲ್ಲು ಎಲ್ಲ ಸರಿ ಉಂಟು. ಬೇಕಾದ್ರೆ ಬಾಯಿ ತೆಗೆಸಿ ನೋಡಿ."

"ಎತ್ತಿನ ಸಂತಿ ಅಲ್ರಿ ಇದು."

"ಮತ್ತೆ ಮೊಣಕಾಲು ಕೇಳಿದ್ದು ಯಾರು?"

ಶಿವಪ್ರಕಾಶ ನಕ್ಕು ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. "ಆತು ಬಿಡ್ರಿ. ಏನ್ ಬೇಕು ನಿಮಗ?"

"ನಿಮ್ಮ ಪಿಕ್, ಆರಿಸುವ ಸರದಿ. ಮುಂದಿನ ವರ್ಷದ್ದು, ಅದರ ಮುಂದಿನ ವರ್ಷದ್ದು."

"ಎರಡು ವರ್ಷದ್ದು? ಜೂನ್‌ನಾಗ ಅಂವ ಸಲಾಲಕ್ಕ ಹೊಕ್ಕಾನ. ನನಗ ಸಿಗೂದು ಒಂದಽ ಸೀಸನ್. ಅದಕ್ಕ ಎರಡು ಪಿಕ್ ಕೊಡಾಕ ನನಗೇನು ಬಿಸಲು ಹತ್ತೈತೇನ್ರಿ?"

"ಕಪ್ ನಿಮಗೆ ಬೇಡದಿದ್ರೆ ಘುಬ್ರಾ ತಂಡದವರಿಗೆ ಕೇಳ್ತೇನೆ. ಅವರ ಮನೆ ಇಲ್ಲಿಂದ ದೂರ ಇಲ್ಲ."

"ಇದನ್ನ ನಾಕು ಮಂದಿ ಕೇಳಿದ್ರ ಬೆದರಿಕಿ ಅಂತಾರ್ರಿ."

"ಇಲ್ಲಿ ಇರುದು ಮೂರೇ ಮಂದಿ," ಎಂದರು ಕೊಗ್ಗಣ್ಣ ಬಟ್ಟೆಯಿಂದ ಕಣ್ಣು ತೆಗೆಯದೆ.

ಶಿವಪ್ರಕಾಶ ಕೇಳಿದ: "ನನ್ನ ಪಿಕ್ ನಿಮಗ್ಯಾಕ ಅಷ್ಟು ಬೇಕಾಗೈತಿ?"

ಸುತ್ತಿ ಬಳಸಿ ಹೇಳುವುದು ದಮಯಂತಿಗೆ ಬರುತ್ತಿರಲಿಲ್ಲ. "ನಿಮಗೆ ಹದಿಮೂರು ಜನ. ನನಗೆ ಬರುವ ಅಕ್ಟೋಬರ್‌ಗೆ ಏಳು. ಲೆಕ್ಕ ನಿಮಗೂ ಬರ್ತದಲ್ಲ."

ಅದನ್ನು ಕೇಳಿದ ಮೇಲೆ ಶಿವಪ್ರಕಾಶನ ಚೌಕಾಸಿಯ ಬಿಸಿ ಇಳಿಯಿತು. ಪೂರ್ತಿ ಆರಲಿಲ್ಲ, ಅವನೂ ವ್ಯವಹಾರಸ್ಥನೇ. ಕೊನೆಗೆ ಮುಂದಿನ ವರ್ಷದ ಒಂದೇ ಸರದಿಗೆ ಒಪ್ಪಂದವಾಯಿತು. ದಮಯಂತಿಗೆ ಬೇಕಿದ್ದದ್ದು ಆ ಒಂದೇ. ಎರಡು ಕೇಳಿದ್ದು ಒಂದು ಸಿಗಲೆಂದು. ಕೊಗ್ಗಣ್ಣ ಅಳತೆ ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡು ಪುಸ್ತಕ ತೆರೆದು ಬರೆದರು. ಇಬ್ಬರೂ ಸಹಿ ಹಾಕಿದರು.

"ಶೈಲೇಶನ ಸಹಿ?" ಎಂದರು ಕೊಗ್ಗಣ್ಣ.

ದಮಯಂತಿ ಪೆನ್ನು ಕೆಳಗಿಟ್ಟಳು. ಶೈಲೇಶನನ್ನು ಅವಳು ಕೇಳಿಯೇ ಇರಲಿಲ್ಲ. ಒಂಬತ್ತು ವರ್ಷದಲ್ಲಿ ಅವನನ್ನು ಏನನ್ನೂ ಕೇಳಿದ್ದಿಲ್ಲ. ಆರು ಗಂಟೆಗೆ ಬಾ ಎಂದರೆ ಬರುತ್ತಿದ್ದ, ಎಡಗೈಯಲ್ಲಿ ಎಸೆ ಎಂದರೆ ಎಸೆಯುತ್ತಿದ್ದ. ಅವನಿದ್ದದ್ದು ಅವಳ ಕಟ್ಟಡದಲ್ಲೇ, ಒಂದು ಮಹಡಿ ಮೇಲೆ. ಶುಕ್ರವಾರ ಮಧ್ಯಾಹ್ನದ ಊಟಕ್ಕೆ ಕೆಳಗಿಳಿದು ಬರುತ್ತಿದ್ದ. ನಿಮ್ಮ ಮಗನ ಹಾಗೆ ಎಂದು ಯಾರಾದರೂ ಹೇಳಿದರೆ ದಮಯಂತಿಗೆ ಸಿಟ್ಟು ಬರುತ್ತಿತ್ತು. ಇದ್ದ ಇಬ್ಬರು ಮಕ್ಕಳೇ ಅವಳಿಗೆ ಸಾಕಾಗಿದ್ದರು. ಆದರೆ ಮನೆಯವರನ್ನು ಕೇಳದೆ ತೀರ್ಮಾನ ಮಾಡುವ ಅಭ್ಯಾಸ ಅವನ ವಿಷಯದಲ್ಲೂ ಅಂಟಿಕೊಂಡಿತ್ತು.

ಅವಳು ಮನೆ ತಲುಪುವ ಮೊದಲೇ ಸುದ್ದಿ ತಲುಪಿತು. ಶಿವಪ್ರಕಾಶ ಖುಷಿ ತಡೆಯಲಾರದೆ ತನ್ನ ತಂಡದ ವಾಟ್ಸಾಪ್ ಗುಂಪಿನಲ್ಲಿ ಶೈಲೇಶನ ಚಿತ್ರ ಹಾಕಿ ಸ್ವಾಗತ ಕೋರಿದ್ದ; ಅಲ್ಲಿಂದ ಅದು ಆರು ತಂಡಗಳಿಗೂ ಹೋಗಿತ್ತು. ಆ ಶುಕ್ರವಾರ ಶೈಲೇಶ ಊಟಕ್ಕೆ ಬರಲಿಲ್ಲ. ಗಂಡ ಒಂದು ತಟ್ಟೆ ಹೆಚ್ಚಿಗೆ ಇಟ್ಟು, ಮತ್ತೆ ತೆಗೆದು ಊಟ ಮಾಡಿದ. ಸಂಜೆ ದಮಯಂತಿ ಮೆಟ್ಟಿಲು ಹತ್ತಿ ಹೋದಳು. ಶೈಲೇಶ ಬಾಗಿಲಲ್ಲೇ ಬಗ್ಗಿ ಬೂಟಿನ ಲೇಸು ತೊಳೆಯಲೆಂದು ಬಿಚ್ಚುತ್ತಿದ್ದ. ಅವರಿಬ್ಬರ ಮಾತು ತುಳುವಿನಲ್ಲಿ. ಅದರ ಕನ್ನಡ ಹೀಗೆ.

"ಕೋಣ ಮಾರುವಾಗ್ಲೂ ಅದರ ಬೆನ್ನು ತಟ್ಟಿ ಒಂದು ಮಾತು ಹೇಳ್ತಾರೆ, ದಮಯಂತಕ್ಕ."

"ಕೋಣ ಸಹಿ ಹಾಕುದಿಲ್ಲ. ನೀನು ಹಾಕ್ಬೇಕು. ಅದಕ್ಕೇ ಬಂದೆ."

"ಹಾಕದಿದ್ರೆ?"

"ಹಾಕದಿದ್ರೆ ಇಲ್ಲ. ನಿನ್ನ ಮೊದಲು ಕೇಳ್ಬೇಕಿತ್ತು. ಕೇಳ್ಲಿಲ್ಲ, ತಪ್ಪು ನನ್ನದು. ಈಗ ಕೇಳ್ತಾ ಇದ್ದೇನೆ."

ಅವಳ ಬಾಯಿಂದ ತಪ್ಪು ಎಂಬ ಶಬ್ದ ಬಂದದ್ದನ್ನು ಶೈಲೇಶ ಒಂಬತ್ತು ವರ್ಷದಲ್ಲಿ ಕೇಳಿರಲಿಲ್ಲ. ಅವನು ಲೇಸು ಬಿಟ್ಟು ನೆಟ್ಟಗೆ ನಿಂತ.

"ಇಲ್ಲಿ ನನಗೆ ಉಳಿದದ್ದೇ ಒಂದು ಸೀಸನ್. ಅದನ್ನೂ ಬೇರೆಯವರ ಅಂಗಿ ಹಾಕಿ ಆಡುದಾ?"

"ನೀನು ಈ ಅಂಗಿ ಹಾಕಿ ಆಡಿದ್ರೆ ನಾವು ಯಾವತ್ತಿನ ಹಾಗೆ ಮೂರನೇದೋ ನಾಲ್ಕನೇದೋ ಆಗ್ತೇವೆ. ಅಕ್ಟೋಬರ್‌ಗೆ ಏಳು ಜನ ಆಗ್ತೇವೆ. ಕೊಗ್ಗಣ್ಣ ಪುಸ್ತಕದಲ್ಲಿ ಒಂದು ಗೆರೆ ಎಳೀತಾರೆ. ಆಮೇಲೆ ಈ ಅಂಗಿ ಯಾರೂ ಹಾಕುದಿಲ್ಲ." ದಮಯಂತಿ ಇದನ್ನು ನಕ್ಷೆಯ ತಪ್ಪು ತೋರಿಸುವ ದನಿಯಲ್ಲೇ ಹೇಳಿದಳು. "ನಿನ್ನನ್ನು ಕೊಟ್ರೆ ಎಂಟು."

ಶೈಲೇಶ ಬೂಟನ್ನು ಗೋಡೆಯ ಬದಿಗೆ ಸರಿಸಿದ. ಆಮೇಲೆ ಕೇಳಿದ: "ನನಗೆ ಎಷ್ಟು ಪಿಕ್ ಕೊಟ್ರು?"

"ಒಂದು."

"ಒಂದಾ?" ಅವನ ಮುಖದ ಬಣ್ಣವೇ ಬದಲಾಯಿತು. "ಹೋದ ವರ್ಷ ಘುಬ್ರಾದವರು ಸ್ಟೀಫನಿಗೆ ಒಂದು ಪಿಕ್ ಕೊಟ್ಟಿದ್ದಾರೆ. ಸ್ಟೀಫನ್ ಓಡಿದ್ದನ್ನು ಯಾರಾದ್ರೂ ಕಂಡದ್ದುಂಟಾ? ಫೋನ್ ಬಂದ್ರೆ ಆಟದ ನಡುವೆ ತೆಗೆದು ಮಾತಾಡ್ತಾನೆ ಅವ. ನನಗೂ ಅವನಿಗೂ ಒಂದೇ ರೇಟಾ?"

"ಎರಡು ಕೇಳಿದ್ದೆ. ಅವರು ಬಿಡ್ಲಿಲ್ಲ."

"ನೀವು ಬಿಟ್ಟದ್ದು. ಮೀನು ಕೊಳ್ಳುವಾಗ ಹೀಗೆ ಬಿಡ್ತೀರಾ?"

ಮರುದಿನ ಶನಿವಾರ ಅವನು ತಾನೇ ಶಿವಪ್ರಕಾಶನಿಗೆ ಫೋನ್ ಮಾಡಿ ಕೊಗ್ಗಣ್ಣನ ಅಂಗಡಿಗೆ ಕರೆಸಿದ. ದಮಯಂತಿ ಒಂದು ಮೂಲೆಯಲ್ಲಿ ಯೂನಿಫಾರ್ಮಿನ ಗುಡ್ಡೆಯ ಪಕ್ಕ ಕುಳಿತು ನೋಡಿದಳು. ಕಳೆದ ಸಾಲಿನಲ್ಲಿ ತಾನು ಮದೀನತ್ ತಂಡದ ವಿರುದ್ಧವೇ ಎಷ್ಟು ಸಲ ಚೆಂಡನ್ನು ಬುಟ್ಟಿಗೆ ಹಾಕಿದ್ದೆ, ಯಾವ ಮೂಲೆಯಿಂದ, ಆಗ ಅವರ ರಕ್ಷಣೆಯವರು ಎಲ್ಲಿ ಬಾಯಿಬಿಟ್ಟು ನಿಂತಿದ್ದರು ಎಂಬುದನ್ನು ಶೈಲೇಶ ಫ್ರಿಜ್ಜಿನ ಮೋಟಾರು ಮಾರುವವನ ಜಾಣತನದಿಂದ ಒಂದೊಂದಾಗಿ ವಿವರಿಸಿದ.

"ಎರಡು ಪಿಕ್. ಮತ್ತೆ ಶುಕ್ರವಾರದ ಮಧ್ಯಾಹ್ನದ ಊಟ ನಂದು ದಮಯಂತಕ್ಕನ ಮನೆಯಲ್ಲೇ. ಬಂಗುಡೆ ಸಾರು ಈ ಟ್ರೇಡ್‌ನಲ್ಲಿ ಸೇರಿಲ್ಲ."

"ಐವತ್ತು ವರ್ಷದಾಗ ಇಂಥಾ ಆಟಗಾರನ್ನ ನೋಡಿಲ್ಲ ನಾನು," ಎಂದ ಶಿವಪ್ರಕಾಶ. "ತನ್ನನ್ನ ತಾನಽ ಮಾರ್ಕೊಳ್ಳಾಕ ಬಂದಾನ, ಅದೂ ತುಟ್ಟಿ."

"ಕಪ್ ಎತ್ತುವಾಗ ತುಟ್ಟಿ ಕಾಣುದಿಲ್ಲ ನಿಮಗೆ."

"ಖಲಾಸ್, ಬರೀರಿ ಕೊಗ್ಗಣ್ಣಾರ. ಎರಡು ಅಂತ ಬರೀರಿ."

ಕೊಗ್ಗಣ್ಣ ಒಂದನ್ನು ಹೊಡೆದು ಎರಡು ಮಾಡಿದರು. ಶೈಲೇಶ ಸಹಿ ಹಾಕಿದ.

ಆ ಸಾಲಿನ ಆಟದ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ರೂವಿ ತಂಡ ಸೋತಿತು. ಅದರ ಮುಂದಿನ ವಾರವೂ ಸೋತಿತು. ಫೆಬ್ರವರಿಯಲ್ಲಿ ಒಮ್ಮೆ ಗೆದ್ದಾಗ ಚಹಾ ಯಾರು ಕೊಡಿಸಬೇಕೆಂಬುದೇ ಅವರಿಗೆ ಮರೆತುಹೋಗಿ, ಅಭ್ಯಾಸಬಲದಿಂದ ದಮಯಂತಿಯೇ ಕೊಡಿಸಿದಳು. ಮಾರ್ಚಿನಲ್ಲಿ ಮದೀನತ್ ತಂಡದ ಎದುರು ಆಡುವ ದಿನ ಬಂತು. ಬೇರೆ ಬಣ್ಣದ ಅಂಗಿಯಲ್ಲಿ ಶೈಲೇಶ ಮೊದಲ ಭಾಗದಲ್ಲಿ ನಾಲ್ಕು ಬಾರಿ ಎಸೆದ, ನಾಲ್ಕೂ ಹೊರಗೆ ಬಿದ್ದವು. ರೂವಿ ತಂಡದ ಅವನ ಹಳೆಯ ಗೆಳೆಯರೆಲ್ಲ ಚಪ್ಪಾಳೆ ತಟ್ಟಿದರು. ವಿರಾಮದಲ್ಲಿ ದಮಯಂತಿ ನೇರ ಎದುರು ತಂಡದ ಬೆಂಚಿಗೆ ನಡೆದಳು. ಎಲ್ಲರಿಗೂ ತಿಳಿಯಲೆಂದು ತುಳು ಬಿಟ್ಟು ಕನ್ನಡದಲ್ಲೇ ಕೇಳಿದಳು.

"ಬೇಕೂಂತ ತಪ್ಪಿಸುದು ನನಗೆ ಕಾಣುದಿಲ್ಲ ಅಂತ ಮಾಡಿದ್ಯಾ?"

"ಇಲ್ಲ ಅಕ್ಕ, ಗಾಳಿ."

"ಒಂದು ಎಲೆ ಅಲುಗುದಿಲ್ಲ ಇಲ್ಲಿ, ಗಾಳಿಯಂತೆ. ಇವರು ನಿನಗೆ ಎರಡು ಪಿಕ್ ಕೊಟ್ಟಿದ್ದಾರೆ. ನನ್ನ ಮರ್ಯಾದೆ ತೆಗೀಬೇಡ. ಸರಿ ಆಡು."

ಪಕ್ಕದಲ್ಲಿ ನೀರು ಕುಡಿಯುತ್ತಿದ್ದ ಉಮಾಶ್ರೀ ಈ ಮಾತು ಕೇಳಿ ಬಾಟಲಿ ಕೆಳಗಿಟ್ಟು ಆ ಉದ್ದದ ಹೆಂಗಸನ್ನು ನೋಡುತ್ತ ಉಳಿದಳು. ಎರಡನೆಯ ಭಾಗದಲ್ಲಿ ಶೈಲೇಶ ಸರಿಯಾಗಿ ಆಡಿದ. ರೂವಿ ಮೂವತ್ತೊಂದು ಅಂಕಗಳಿಂದ ಸೋತಿತು. ಏಪ್ರಿಲ್ ಕೊನೆಗೆ ಮದೀನತ್ ತಂಡ ಕಪ್ ಗೆದ್ದಿತು, ಶಿವಪ್ರಕಾಶ ಮಗಳ ಜೊತೆ ಅದನ್ನು ಎತ್ತಿ ಹಿಡಿದು ನಲವತ್ತು ಫೋಟೊ ತೆಗೆಸಿಕೊಂಡ. ರೂವಿ ಆರನೆಯ ಸ್ಥಾನ. ಜೂನಿನಲ್ಲಿ ಶೈಲೇಶ ಸಲಾಲಕ್ಕೆ ಹೋದ. ದಮಯಂತಿ ಬಸ್ಸಿಗೆ ಒಂದು ಡಬ್ಬ ನೀರ್ ದೋಸೆ ಕಟ್ಟಿಕೊಟ್ಟು, ಎಡಗೈ ಅಭ್ಯಾಸ ಬಿಡಬೇಡ ಎಂದಳು. ಮನೆಗೆ ಬಂದು ಪಾತ್ರೆ ತೊಳೆದಳು.

ಅಕ್ಟೋಬರಿನ ಮೊದಲ ಶುಕ್ರವಾರ ಸಂಜೆ ನಾಲ್ಕೂವರೆಗೆ ರೂವಿಯ ಒಂದು ಹೋಟೆಲಿನ ಮೇಲ್ಮಹಡಿಯಲ್ಲಿ ಎಲ್ಲರೂ ಸೇರಿದರು. ಆ ವರ್ಷ ಪಟ್ಟಿ ಚಿಕ್ಕದು. ಕೊಗ್ಗಣ್ಣ ಕನ್ನಡಕ ಏರಿಸಿ ಆರು ಹೆಸರು ಓದಿದರು. ಆರನೆಯದು ಉಮಾಶ್ರೀ.

ಶಿವಪ್ರಕಾಶ ಎದ್ದು ನಿಂತ. ಮಗಳು ಆಗಸ್ಟಿನಲ್ಲಿ ಮನಸ್ಸು ಬದಲಿಸಿದ್ದಳು. ಸೇರಬೇಕೆಂದಿದ್ದ ಬೆಳಗಾವಿಯ ಕಾಲೇಜು ಬೇಡವೆಂದು ಮಸ್ಕತ್ತಿನಲ್ಲೇ ಒಂದು ಕಾಲೇಜಿನಲ್ಲಿ ಬಂದರು ನಿರ್ವಹಣೆಯ ಪದವಿಗೆ ಸೇರಿದ್ದಳು. ಅವಳ ತಾಯಿಗೆ ಸಂತೋಷ, ತಂದೆಗೆ ಅದಕ್ಕಿಂತ ಹೆಚ್ಚು.

"ಕೊಗ್ಗಣ್ಣಾರ, ಅಕಿ ಹೊಸಾಕಿ ಅಲ್ರಿ. ನಮ್ಮ ತಂಡದಾಕಿನಽ. ಊರಿಗೆ ಹೋಗೇ ಇಲ್ಲ."

ಕೊಗ್ಗಣ್ಣ ಪುಸ್ತಕದ ಹಿಂದಿನ ಹಾಳೆ ತಿರುವಿ ಓದಿದರು. ಹನ್ನೆರಡನೆಯ ತರಗತಿಯ ಪರೀಕ್ಷೆ ಮುಗಿಸಿದವರ ಹೆಸರನ್ನು ಆ ಸಾಲಿನ ಕೊನೆಗೆ ತಂಡದಿಂದ ಹೊಡೆದು ಹಾಕತಕ್ಕದ್ದು. ಮತ್ತೆ ಆಡಬೇಕಾದವರು ಹೊಸಬರ ಪಟ್ಟಿಯಲ್ಲಿ ಬರತಕ್ಕದ್ದು. "ಇದನ್ನು ಬರೆಸಿದ್ದು ನೀವೇ, ಶಿವಪ್ರಕಾಶರೇ. ಊರಿಗೆ ಹೋದ ಮಕ್ಕಳ ಹೆಸರು ಇಟ್ಟುಕೊಂಡು ಕೆಲವರು ಎಂಟು ತೋರಿಸ್ತಾರೆ ಅಂತ ನೀವೇ ತಕರಾರು ಮಾಡಿದ್ದು."

ನಿಜವೇ. ಆಗ ಯಾರೂ ಇಲ್ಲೇ ಉಳಿಯುವ ಮಗುವಿನ ಬಗ್ಗೆ ಯೋಚಿಸಿರಲಿಲ್ಲ, ಅಂಥದ್ದೊಂದು ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

"ಹೋಗ್ಲಿ ಬಿಡ್ರಿ," ಎಂದ ಶಿವಪ್ರಕಾಶ, ಸುತ್ತ ನೋಡಿ ಕೈಮುಗಿಯುತ್ತ. "ನನ್ನ ಸರದಿ ಬಂದಾಗ ತಗೋತೀನಿ. ಅಲ್ಲೀತನಕ ಯಾರೂ ಮುಟ್ಟಬ್ಯಾಡ್ರಿ ಅಂತ ವಿನಂತಿ."

ಎಲ್ಲರೂ ತಲೆಯಾಡಿಸಿದರು. ಇನ್ನೊಬ್ಬರ ಮಗಳನ್ನು ಅವರ ಕಣ್ಣೆದುರೇ ಆರಿಸಿಕೊಳ್ಳುವುದು ಯಾರಿಗೂ ಸರಿ ಕಾಣುವುದಿಲ್ಲ. ದಮಯಂತಿ ಮಾತ್ರ ತಲೆಯಾಡಿಸಲೂ ಇಲ್ಲ, ಇಲ್ಲವೆನ್ನಲೂ ಇಲ್ಲ. ಕೊನೆಯ ಸ್ಥಾನದವಳಾದ್ದರಿಂದ ಮೊದಲ ಸರದಿ ಅವಳದು. ಹೊಸದಾಗಿ ಬಂದ ಹೇಝಲ್ ಎಂಬ ನರ್ಸ್ ಮಂಗಳೂರಿನ ಕಾಲೇಜಿಗೆ ಆಡಿದವಳು. ಅವಳ ಹೆಸರು ಹೇಳಿದಳು. ಏಳಾಯಿತು. ಬಳಿಕ ಒಂದೊಂದೇ ತಂಡ ಒಂದೊಂದು ಹೆಸರು ತೆಗೆದುಕೊಂಡಿತು. ಎಲ್ಲರೂ ಉಮಾಶ್ರೀಯ ಹೆಸರನ್ನು ಜಾಗ್ರತೆಯಿಂದ ದಾಟಿದರು. ಐದು ಸರದಿ ಮುಗಿದಾಗ ಪಟ್ಟಿಯಲ್ಲಿ ಅದೊಂದೇ ಉಳಿಯಿತು. ಶಿವಪ್ರಕಾಶ ಬಾಯಿ ತೆರೆದ.

"ಆರನೆಯದು ರೂವಿ," ಎಂದರು ಕೊಗ್ಗಣ್ಣ.

"ರೂವಿ ಹೆಂಗಾಕೈತ್ರಿ? ಗೆದ್ದಾವ ನಾನು, ಆರನೇದು ನಂದು."

"ಹತ್ತು ತಿಂಗಳ ಹಿಂದೆ ನಿಮ್ಮದಾಗಿತ್ತು." ಕೊಗ್ಗಣ್ಣ ಪುಸ್ತಕವನ್ನು ಅವನ ಕಡೆಗೆ ತಿರುಗಿಸಿ ಮೂರು ಸಹಿಗಳ ಮೇಲೆ ಬೆರಳಿಟ್ಟರು.

ಹಿಂದೆ ಯಾರೋ ಕಿಸಕ್ಕೆಂದು ನಕ್ಕು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಎಲ್ಲರ ಕಣ್ಣೂ ದಮಯಂತಿಯ ಮೇಲೆ ಬಿದ್ದವು. ಅವಳು ಏನು ಮಾಡಬೇಕೆಂದು ಆ ಕೋಣೆ ಬಯಸುತ್ತಿತ್ತೆಂಬುದು ಅವಳಿಗೆ ತಿಳಿಯದ್ದಲ್ಲ. ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಡಬೇಕು. ಬಿಟ್ಟುಕೊಟ್ಟರೆ ಎಲ್ಲರೂ ಹೊಗಳುತ್ತಾರೆ, ಭಾಷಣದಲ್ಲಿ ಹೆಸರು ಹೇಳುತ್ತಾರೆ, ಐದು ಗಂಟೆಗೆ ರೂವಿ ತಂಡ ಮುಚ್ಚುತ್ತದೆ. ಹೊಗಳಿಕೆಯನ್ನು ಕೋರ್ಟಿನಲ್ಲಿ ಇಳಿಸಲು ಬರುವುದಿಲ್ಲ.

"ಉಮಾಶ್ರೀ," ಎಂದಳು ದಮಯಂತಿ. "ರೂವಿಗೆ."

"ಅಕ್ಕಾರ, ಅಕಿ ನನ್ನ ಮಗಳ್ರಿ."

"ಹೌದು. ಮಗಳು ನಿಮ್ಮವಳೇ. ಆಡುದು ನನಗೆ."

"ಇದು ಮೋಸ ಅಲ್ಲೇನ್ರಿ?"

"ಮೋಸ ಎಲ್ಲಿ? ಅವಳು ಇಲ್ಲೇ ಉಳೀತಾಳೆ ಅಂತ ನಿಮಗೇ ಗೊತ್ತಿರ್ಲಿಲ್ಲ, ನನಗೆ ಹೇಗೆ ಗೊತ್ತಾಗ್ಬೇಕು? ನಾನು ಕೇಳಿದ್ದು ಒಂದು ಹೆಸರು. ಯಾವ ಹೆಸರು ಬಂದ್ರೂ ತೆಗೋತಿದ್ದೆ. ಇದು ಒಳ್ಳೆ ಹೆಸರು ಬಂತು, ಅಷ್ಟೇ." ಆಮೇಲೆ ಅವಳು ಕಿಟಕಿಯ ಬಳಿ ಫೋನ್ ಹಿಡಿದು ಕುಳಿತಿದ್ದ ಹುಡುಗಿಯ ಕಡೆಗೆ ತಿರುಗಿದಳು. ಹಿಂದಿನ ವರ್ಷ ಮಾಡಿದ್ದನ್ನು ಮತ್ತೆ ಮಾಡುವವಳಲ್ಲ. "ನಿನ್ನ ಸಹಿ ಬೇಕು. ನಿನಗೆ ಮನಸ್ಸಿಲ್ಲದಿದ್ರೆ ಈಗ್ಲೇ ಹೇಳು."

ಉಮಾಶ್ರೀ ಫೋನನ್ನು ಕೆಳಗಿಟ್ಟಳು. "ಆಂಟಿ, ನೀವು ಟೈಮ್‌ಔಟಲ್ಲಿ ತುಂಬಾ ಬೈತೀರಂತೆ?"

"ಬೈತೇನೆ."

"ಮ್ಯಾಚ್ ಮುಗಿದ್ಮೇಲೆ ಮನೆಗೆ ಹೋಗೋ ದಾರೀಲೂ ಬೈತೀರಾ?"

"ಇಲ್ಲ. ಆಟ ಮುಗಿದ ಮೇಲೆ ನನಗೆ ಅಡುಗೆ ಉಂಟು."

"ದೆನ್ ಐ ಆಮ್ ಓಕೆ. ಅಪ್ಪ ಕಾರಲ್ಲಿ ಫುಲ್ ರಿಪ್ಲೇ ಮಾಡ್ತಾರೆ. ಊಟದಲ್ಲೂ. ಸಂಡೇ ತನಕ."

ಈ ಸಲ ಯಾರೂ ನಗುವನ್ನು ಕೆಮ್ಮಿನಲ್ಲಿ ಮುಚ್ಚಿಕೊಳ್ಳಲಿಲ್ಲ. ಶಿವಪ್ರಕಾಶನೂ, ಒಂದು ಕ್ಷಣ ತಡವಾಗಿ, ನಕ್ಕ. ಹುಡುಗಿ ಬಂದು ಸಹಿ ಹಾಕಿದಳು. ಕೊಗ್ಗಣ್ಣ ರೂವಿಯ ಹಾಳೆಯಲ್ಲಿ ಎಂಟು ಎಂದು ಬರೆದು ಕೆಳಗೆ ಗೆರೆ ಎಳೆದರು. ತಂಡ ಇನ್ನೊಂದು ವರ್ಷಕ್ಕೆ ಆಯಿತು. ದಮಯಂತಿ ಅವರ ಕೈಯಿಂದ ಪೆನ್ನು ಪಡೆದು ಆ ಎಂಟು ಹೆಸರುಗಳನ್ನು ಒಮ್ಮೆ ಮೇಲಿಂದ ಕೆಳಗೆ ಓದಿದಳು, ಒಂದು ಕಾಗುಣಿತ ತಿದ್ದಿದಳು.

ಕೆಳಗೆ ಚಹಾ ಕುಡಿಯುವಾಗ ಶಿವಪ್ರಕಾಶ ಅವಳ ಪಕ್ಕಕ್ಕೆ ಬಂದು ದನಿ ತಗ್ಗಿಸಿದ. "ಅಕ್ಕಾರ, ಡಿಸೆಂಬರ್ ತನಕ ಟೈಮ್ ಐತಲ್ರಿ. ಉಮಾನ್ನ ವಾಪಸ್ ಕೊಡಾಕ ಏನ್ ತಗೋತೀರಿ? ಮುಂದಿನ ವರ್ಷದ ಪಿಕ್?"

"ಅದೂ ನನ್ನ ಹತ್ತಿರವೇ ಉಂಟು."

ಅವನು ಬೆರಳು ಮಡಚಿ ನೋಡಿ, ಶೈಲೇಶನನ್ನು ನೆನೆದು ಏನೋ ಗೊಣಗಿದ. "ಕೊಡಾಕ ಏನೂ ಉಳಿದಿಲ್ಲ ಅನ್ರಿ ನನ್ನ ಕಡೆ."

"ಕಾರು ಉಂಟಲ್ಲ. ಅವಳಿಗೆ ಲೈಸೆನ್ಸ್ ಇಲ್ಲ. ಶುಕ್ರವಾರ ಆರು ಗಂಟೆಗೆ ಸರಿಯಾಗಿ ಅವಳನ್ನು ತಂದು ಬಿಡ್ಬೇಕು. ಐದು ನಿಮಿಷ ತಡ ಆದ್ರೆ ನಾನು ಬೆಂಚಿನಲ್ಲಿ ಕೂರಿಸ್ತೇನೆ."

"ಎದುರು ಪಾರ್ಟಿ ಆಟಗಾರ್ತಿನ್ನ ನಾನಽ ಹೊತ್ಕೊಂಡು ಬರಬೇಕೇನ್ರಿ? ಬಂದ್ರ ಒಂದು ಕಪ್ ಚಹಾನಾದ್ರೂ ಕೊಡ್ತೀರೋ ಇಲ್ಲೋ?"

"ಚಾ ಕೊಡ್ತೇವೆ," ಎಂದಳು ದಮಯಂತಿ. "ಪ್ರಾಕ್ಟೀಸ್ ನೋಡ್ಲಿಕ್ಕೆ ಬಿಡುದಿಲ್ಲ. ಕಾರಿನಲ್ಲಿ ಕೂತು ಕುಡೀರಿ."